ದಣಿದ ಮೈಗೆ ಇನ್ನೊಂದು ಲೋಟ

ಸುಸ್ತಾದವರಿಗೆ ನಮ್ಮ ಮನೆಗಳಲ್ಲಿ ಸಿಗುವ ಮೊದಲ ಉಪಚಾರ ಕಾಫಿ. ಬಿಸಿಲಲ್ಲಿ ನಡೆದು ಬಂದವರಿಗೆ ಕಾಫಿ, ಮದುವೆ ಮನೆಯಲ್ಲಿ ಓಡಾಡಿ ಕಾಲು ಸೋತವರಿಗೆ ಕಾಫಿ, ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆದವರಿಗೆ ಫ್ಲಾಸ್ಕಿನಲ್ಲಿ ತಂದ ಕಾಫಿ. ಒಂದು ದಿನದ ದಣಿವಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೂ ಗೊತ್ತಿಲ್ಲ. ಕುಡಿದ ಅರ್ಧ ಮುಕ್ಕಾಲು ಗಂಟೆಯಲ್ಲಿ ಕಣ್ಣು ಬಿಚ್ಚುತ್ತದೆ, ಮಾತು ಚುರುಕಾಗುತ್ತದೆ, ರಾತ್ರಿ ಚೆನ್ನಾಗಿ ಮಲಗಿ ಎದ್ದರೆ ದಣಿವಿನ ಲೆಕ್ಕ ಚುಕ್ತಾ.

ಪ್ರಶ್ನೆ ಹುಟ್ಟುವುದು ದಣಿವು ತಿಂಗಳುಗಟ್ಟಲೆ ಮನೆಮಾಡಿಕೊಂಡಾಗ. ಅಮೆರಿಕದ ಗಡಿಯಾರಕ್ಕೆ ತಾಳೆ ಹಾಕಿಕೊಂಡು ಬೆಂಗಳೂರಿನಲ್ಲಿ ದುಡಿಯುವವರು, ಪಾಳಿ ಬದಲಾಯಿಸುತ್ತಲೇ ಇರುವ ನರ್ಸುಗಳು, ರಾತ್ರಿ ಬಸ್ಸಿನ ಚಾಲಕರು, ಮಗನ ಹತ್ತನೇ ತರಗತಿಯನ್ನೂ ಅತ್ತೆಯ ಮಂಡಿನೋವನ್ನೂ ಒಟ್ಟಿಗೆ ಹೊತ್ತ ಗೃಹಿಣಿಯರು, ಸಾಲದ ಕಂತಿನ ತಾರೀಖು ಹತ್ತಿರವಾದಂತೆ ನಿದ್ದೆಗೆಡುವವರು: ಇವರ ಆಯಾಸ ಒಂದು ಭಾನುವಾರ ಮಲಗಿದರೆ ಹೋಗುವಂಥದ್ದಲ್ಲ. ಇವರೂ ಕಾಫಿಯನ್ನೇ ನಂಬುತ್ತಾರೆ. ಎರಡು ಲೋಟ ನಾಲ್ಕಾಗುತ್ತದೆ, ಆಮೇಲೆ ಐದು. ಕುಡಿದರೆ ಎದೆ ಡವಡವ, ಕುಡಿಯದಿದ್ದರೆ ತಲೆಭಾರ, ಸುಸ್ತು ಮಾತ್ರ ಇದ್ದ ಹಾಗೇ ಇರುತ್ತದೆ.

ಇಂಥವರಿಗೆ ಎರಡು ಬಗೆಯ ಬುದ್ಧಿಮಾತು ಸಿಗುತ್ತದೆ. ಕಾಫಿ ಮೈಗೆ ಶಕ್ತಿ ಕೊಡುತ್ತದೆ ಎನ್ನುವುದು ಹಳೆಯದು. ಕಾಫಿ ನಿಮ್ಮ ಅಡ್ರಿನಲ್ ಗ್ರಂಥಿಯನ್ನು ಹಿಂಡಿ ಬರಿದು ಮಾಡುತ್ತದೆ ಎನ್ನುವುದು ಮೊಬೈಲಿನ ಕಿರುವಿಡಿಯೊಗಳು ತಂದ ಹೊಸದು. ಎರಡೂ ತಪ್ಪು. ನಿಜಕ್ಕೂ ಆಗುವ ಹಾನಿಯ ದೊಡ್ಡ ಪಾಲು ಆಗುವುದು ರಾತ್ರಿ, ನಾವು ಮಲಗಿರುವಾಗ.

ಟವೆಲ್ ಹಾಕಿದ ಸೀಟು

ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನ ಕೋಶಗಳು ಶಕ್ತಿ ಖರ್ಚು ಮಾಡುತ್ತಿರುತ್ತವೆ. ಆ ಖರ್ಚಿಗೆ ಒದಗುವ ಎಟಿಪಿ ಎಂಬ ಅಣು ಒಡೆಯುತ್ತ ಹೋಗಿ ಕೊನೆಗೆ ಉಳಿಯುವ ವಸ್ತುಗಳಲ್ಲಿ ಅಡೆನೋಸಿನ್ ಒಂದು. ಬೆಳಿಗ್ಗೆ ಎದ್ದಾಗ ಕಡಿಮೆ ಇರುವ ಅದು ಹೊತ್ತೇರಿದಂತೆ ಕೋಶಗಳ ನಡುವೆ ಜಮೆಯಾಗುತ್ತದೆ. ನರಕೋಶಗಳ ಮೇಲೆ ಅದಕ್ಕೆಂದೇ ಗ್ರಾಹಕಗಳಿವೆ. ಎ1 ಮತ್ತು ಎ2ಎ ಎಂಬವು ಮುಖ್ಯವಾದವು. ಅಡೆನೋಸಿನ್ ಅಲ್ಲಿ ಬಂದು ಕೂತಂತೆಲ್ಲ ಮೆದುಳಿನ ಚುರುಕು ತಗ್ಗಿ ತೂಕಡಿಕೆ ಬರುತ್ತದೆ. ರಾತ್ರಿ ನಿದ್ದೆಯಲ್ಲಿ ಅದರ ಮಟ್ಟ ಮತ್ತೆ ಇಳಿಯುತ್ತದೆ.

ಕೆಫೀನಿನ ಅಣು ಆಕಾರದಲ್ಲಿ ಅಡೆನೋಸಿನ್ನಿಗೆ ಹತ್ತಿರ. ಹಾಗಾಗಿ ಅದೇ ಗ್ರಾಹಕಗಳಲ್ಲಿ ಬಂದು ಕೂರುತ್ತದೆ, ಆದರೆ ಕೂತು ಏನೂ ಮಾಡುವುದಿಲ್ಲ. ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್ಕಿನಲ್ಲಿ ಊರಿನ ಬಸ್ಸು ಬಂದು ನಿಲ್ಲುತ್ತಿದ್ದಂತೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಟವೆಲ್ಲಿಗೆ ಪ್ರಯಾಣ ಬೇಕಿಲ್ಲ, ಆದರೆ ಬೇಕಾದವನು ಅಲ್ಲಿ ಕೂರುವಂತಿಲ್ಲ. ಅಡೆನೋಸಿನ್ ನಿಂತೇ ಇರುತ್ತದೆ, ನಾವು ಎದ್ದಿರುವಷ್ಟೂ ಹೊತ್ತು ಅದರ ಗುಂಪು ಬೆಳೆಯುತ್ತಲೂ ಇರುತ್ತದೆ. ಯಕೃತ್ತು ಕೆಫೀನನ್ನು ಕರಗಿಸಿ ಟವೆಲ್ ಎತ್ತಿದ ಮೇಲೆ ಗುಂಪೆಲ್ಲ ಒಟ್ಟಿಗೆ ನುಗ್ಗುತ್ತದೆ. ಕಾಫಿಯ ಪ್ರಭಾವ ಇಳಿದಾಗ ಮೊದಲಿಗಿಂತ ಹೆಚ್ಚು ದಣಿವೆನಿಸುವುದು ಇದಕ್ಕೇ.

ಲೋಟದಲ್ಲಿ ಶಕ್ತಿ ಎಂದು ಏನಾದರೂ ಇದ್ದರೆ ಅದು ಹಾಲು, ಸಕ್ಕರೆಯದು. ಕೆಫೀನ್ ದಣಿವಿನ ಸುದ್ದಿಯನ್ನು ತಡೆಹಿಡಿಯುತ್ತದೆ, ಅಷ್ಟೇ. ಪರೀಕ್ಷೆಯ ಹಿಂದಿನ ರಾತ್ರಿಗೆ ಇದು ಉಪಕಾರ. ಆರು ತಿಂಗಳಿಂದ ಸರಿಯಾಗಿ ನಿದ್ದೆ ಮಾಡದವನಿಗೆ ಅದೇ ಉಪಕಾರ ಬೇರೆ ರೂಪ ತಾಳುತ್ತದೆ.

ಈ ವಸ್ತುವನ್ನು ಕಾಫಿಬೀಜದಿಂದ ಮೊದಲು ಬೇರ್ಪಡಿಸಿದವನು ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರೀಡ್‌ಲೀಬ್ ಫರ್ಡಿನಾಂಡ್ ರುಂಗೆ, 1819ರಲ್ಲಿ. ಬೆಲ್ಲಡೋನಾ ಗಿಡದ ಸಾರ ಬೆಕ್ಕಿನ ಕಣ್ಣಿನ ಪಾಪೆಯನ್ನು ಹಿಗ್ಗಿಸುವುದನ್ನು ಅವನು ಮಹಾಕವಿ ಗಯಟೆಗೆ ತೋರಿಸಿದ್ದ. ಮೆಚ್ಚಿದ ಗಯಟೆ ಒಂದಿಷ್ಟು ಕಾಫಿಬೀಜ ಕೊಟ್ಟು ಇದರೊಳಗೇನಿದೆ ನೋಡು ಎಂದ. ಕೆಫೀನಿನ ಚರಿತ್ರೆಯಲ್ಲಿ ಕವಿಯೊಬ್ಬನ ಕೈ ಇರುವುದು ನನಗೆ ಸಹಜವೆನಿಸುತ್ತದೆ. ಅದು ಮೆದುಳಿನೊಳಗೆ ಮಾಡುವ ಕೆಲಸ ಅರ್ಥವಾಗಲು ಮಾತ್ರ ಮುಂದೆ ಸುಮಾರು ಒಂದೂವರೆ ಶತಮಾನ ಹಿಡಿಯಿತು.

ಒತ್ತಡದ ಮೇಲೆ ಒತ್ತಡ

1936ರಲ್ಲಿ ಮಾಂಟ್ರಿಯಲ್‌ನ ವಿಜ್ಞಾನಿ ಹಾನ್ಸ್ ಸೆಲ್ಯೆ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದರು. ಇಲಿಗಳನ್ನು ಚಳಿಗೊಡ್ಡಿದರೂ, ಗಾಯ ಮಾಡಿದರೂ, ಮಿತಿಮೀರಿ ಓಡಿಸಿದರೂ, ವಿಷದ ಸೂಜಿ ಚುಚ್ಚಿದರೂ ಒಳಗೆ ಆಗುವುದು ಒಂದೇ ಬಗೆಯ ಬದಲಾವಣೆ ಎಂದು ಅವರು ಕಂಡಿದ್ದರು. ಅಡ್ರಿನಲ್ ಗ್ರಂಥಿ ದಪ್ಪವಾಗುತ್ತದೆ, ಥೈಮಸ್ ಗ್ರಂಥಿ ಕುಗ್ಗುತ್ತದೆ, ಜಠರದಲ್ಲಿ ಹುಣ್ಣಾಗುತ್ತದೆ. ದೇಹ ಮೊದಲು ಎಚ್ಚೆತ್ತುಕೊಳ್ಳುತ್ತದೆ, ಆಮೇಲೆ ತಡೆದುಕೊಳ್ಳುತ್ತದೆ, ಒತ್ತಡ ನಿಲ್ಲದಿದ್ದರೆ ಸೋಲುತ್ತದೆ. ಇವತ್ತು ನಾವು ‘ಸ್ಟ್ರೆಸ್’ ಎಂದು ದಿನಕ್ಕೆ ಹತ್ತು ಸಲ ಹೇಳುವ ಮಾತಿನ ವೈದ್ಯಕೀಯ ಚರಿತ್ರೆ ಆ ಪತ್ರದಿಂದ ಆರಂಭ.

ಅಡ್ರಿನಲ್ ಗ್ರಂಥಿಗಳು ಎರಡು, ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುತ್ತವೆ. ಒಳಪದರದಿಂದ ಬರುವುದು ಅಡ್ರಿನಲಿನ್: ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಬಡಿತ ಏರಿಸುವುದು. ಹೊರಪದರದಿಂದ ಬರುವ ಕಾರ್ಟಿಸಾಲ್‌ನದು ನಿಧಾನದ ಕೆಲಸ; ಸಕ್ಕರೆ, ರಕ್ತದೊತ್ತಡ, ರೋಗನಿರೋಧ ಎಲ್ಲದರ ಮೇಲೂ ಅದಕ್ಕೆ ಹಿಡಿತವಿದೆ. ಕಾರ್ಟಿಸಾಲ್‌ಗೆ ದಿನಚರಿಯೂ ಇದೆ. ಬೆಳಗಿನ ಜಾವ ಏರತೊಡಗಿ, ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ತುದಿ ಮುಟ್ಟಿ, ಸಂಜೆಯತ್ತ ಇಳಿದು, ನಡುರಾತ್ರಿಯ ಆಸುಪಾಸು ತಳ ಸೇರುತ್ತದೆ. ಆ ಇಳಿತ ಇದ್ದರೇ ಮೈಗೆ ವಿಶ್ರಾಂತಿ.

ಕೆಫೀನ್ ಈ ಎರಡೂ ಹಾರ್ಮೋನುಗಳನ್ನು ಏರಿಸಬಲ್ಲದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಲೇನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಇಷ್ಟವಾಗುವುದು ಅದು ಪ್ರಯೋಗಾಲಯದಲ್ಲಿ ನಡೆಯಲಿಲ್ಲ ಎಂಬ ಕಾರಣಕ್ಕೆ. ದಿನಾ ಕಾಫಿ ಕುಡಿಯುವ 47 ಜನ, ಅವರವರ ಕಚೇರಿ, ಅವರವರ ಮನೆ. ಮೈಗೆ ರಕ್ತದೊತ್ತಡ ಅಳೆಯುವ ಸಾಧನ ಕಟ್ಟಿ, ಒಂದು ದಿನ ಬೆಳಿಗ್ಗೆ ಮತ್ತು ಮಧ್ಯಾಹ್ನ 250 ಮಿಲಿಗ್ರಾಂನಂತೆ ಕೆಫೀನ್ ಕೊಟ್ಟರು, ಇನ್ನೊಂದು ದಿನ ಹುಸಿಮಾತ್ರೆ. ಕೆಫೀನಿನ ದಿನ ರಕ್ತದೊತ್ತಡ ಏರಿತ್ತು, ಅಡ್ರಿನಲಿನ್ ಶೇ 32ರಷ್ಟು ಹೆಚ್ಚಾಗಿತ್ತು. ಕೊನೆಯ ಮಾತ್ರೆ ಮಧ್ಯಾಹ್ನವೇ ಮುಗಿದಿದ್ದರೂ ಮಲಗುವ ಹೊತ್ತಿನವರೆಗೂ ಅದರ ಪರಿಣಾಮ ಹಿಂಬಾಲಿಸಿತ್ತು. ಆ ದಿನ ಹೆಚ್ಚು ಒತ್ತಡ ಅನಿಸಿತು ಎಂದು ಅವರೇ ಬರೆದುಕೊಂಡಿದ್ದರು. ಕೆಲಸದ ಒತ್ತಡವನ್ನು ತಡೆದುಕೊಳ್ಳಲೆಂದು ಕುಡಿದದ್ದು ಒತ್ತಡಕ್ಕೇ ಕೂಡಿಕೊಂಡಿತು.

ದಿನಾ ಕುಡಿಯುವವರ ಮೈ ಒಗ್ಗಿಕೊಂಡಿರುತ್ತದಲ್ಲ, ಅವರಿಗೇನು ತೊಂದರೆ ಎಂದು ಕೇಳಬಹುದು. ಒಗ್ಗಿಕೊಳ್ಳುವುದು ನಿಜ, ಆದರೆ ಅರ್ಧಂಬರ್ಧ. ಒಕ್ಲಹೋಮಾದ ವಿಲಿಯಂ ಲೊವಾಲೊ ತಂಡ 2005ರಲ್ಲಿ ಇದನ್ನು ತೋರಿಸಿತು. ಐದು ದಿನ ಕೆಫೀನ್ ಬಿಟ್ಟವರಿಗೆ ಮತ್ತೆ ಕೊಟ್ಟಾಗ ಕಾರ್ಟಿಸಾಲ್ ಎದ್ದು ಕುಣಿಯಿತು. ದಿನಕ್ಕೆ 300 ಅಥವಾ 600 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದವರಲ್ಲಿ ಬೆಳಗಿನ ಕೆಫೀನಿಗೆ ಕಾರ್ಟಿಸಾಲ್ ಅಲ್ಲಾಡಲಿಲ್ಲ. ಆದರೆ ಮಧ್ಯಾಹ್ನ ಇನ್ನೊಮ್ಮೆ ಕೊಟ್ಟಾಗ ಏರಿತು. ಬೆಳಗಿನ ಲೋಟವನ್ನು ದೇಹ ಸೈರಿಸಿಕೊಳ್ಳುತ್ತದೆ. ಕಾರ್ಟಿಸಾಲ್ ಇಳಿಯುವ ಹೊತ್ತಿಗೆ ಬರುವ ಲೋಟವನ್ನು ಅಷ್ಟು ಸುಲಭವಾಗಿ ಸೈರಿಸುವುದಿಲ್ಲ.

ಆತಂಕದ ಸ್ವಭಾವದವರಿಗೆ ಇನ್ನೊಂದು ತೊಡಕಿದೆ. ಎದೆ ಬಡಿತ, ಬೆರಳ ನಡುಕ, ಬೆವರು, ಹೊಟ್ಟೆಯಲ್ಲಿ ತಳಮಳ: ಇವು ಆತಂಕದ ಲಕ್ಷಣಗಳೂ ಹೌದು, ಕೆಫೀನಿನವೂ ಹೌದು. ಪ್ಯಾನಿಕ್ ಕಾಯಿಲೆ ಇರುವವರಿಗೆ ನಾಲ್ಕೈದು ಕಪ್ ಕಾಫಿಯಷ್ಟು ಕೆಫೀನನ್ನು ಒಮ್ಮೆಲೇ ಕೊಟ್ಟ ಪ್ರಯೋಗಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅಲ್ಲೇ ಪ್ಯಾನಿಕ್ ದಾಳಿಯಾಗಿದೆ. ಕಾಯಿಲೆ ಇಲ್ಲದವರಲ್ಲಿ ಹೀಗಾಗುವುದು ಬಹಳ ಅಪರೂಪ. ಮಾತ್ರೆ, ಆಪ್ತಸಮಾಲೋಚನೆ ಎಂದು ಸಾವಿರಗಟ್ಟಲೆ ಖರ್ಚು ಮಾಡಿದ ಮೇಲೂ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ ಎನ್ನುವವರು ದಿನಕ್ಕೆ ಎಷ್ಟು ಕಾಫಿ ಎಂದು ಒಮ್ಮೆ ಎಣಿಸುವುದು ಒಳ್ಳೆಯದು. ಅದಕ್ಕೆ ದುಡ್ಡು ಬೇಕಿಲ್ಲ.

ಗ್ರಂಥಿ ದಣಿಯುತ್ತದೆಯೇ?

ಕಿರುವಿಡಿಯೊಗಳ ಮಾತಿಗೆ ಬರುತ್ತೇನೆ. ‘ಅಡ್ರಿನಲ್ ಫಟೀಗ್’ ಎಂಬ ಹೆಸರನ್ನು 1998ರಲ್ಲಿ ಚಲಾವಣೆಗೆ ತಂದವರು ಅಮೆರಿಕದ ಪರ್ಯಾಯ ಚಿಕಿತ್ಸಕ ಜೇಮ್ಸ್ ವಿಲ್ಸನ್. ಸತತ ಒತ್ತಡದಿಂದ ಗ್ರಂಥಿ ಸೋತು ಸಾಕಷ್ಟು ಕಾರ್ಟಿಸಾಲ್ ಕೊಡಲಾಗದೆ ಸುಸ್ತು ಬರುತ್ತದೆ, ಕಾಫಿ ಅದನ್ನು ಇನ್ನಷ್ಟು ಹಿಂಡುತ್ತದೆ ಎನ್ನುವುದು ವಾದ. ಕೇಳಲು ಎಷ್ಟು ಸರಿಯೆನಿಸುತ್ತದೆ! ಸೆಲ್ಯೆ ಹೇಳಿದ ಸೋಲಿನ ಹಂತಕ್ಕೂ ಹೊಂದುವಂತೆ ಕಾಣುತ್ತದೆ. ಆದರೆ ಬ್ರೆಜಿಲ್‌ನ ಇಬ್ಬರು ವೈದ್ಯವಿಜ್ಞಾನಿಗಳು 2016ರಲ್ಲಿ 58 ಅಧ್ಯಯನಗಳನ್ನು ಜರಡಿ ಹಿಡಿದು, ಇಂಥದ್ದೊಂದು ಕಾಯಿಲೆ ಇದೆ ಎನ್ನಲು ಪುರಾವೆಯಿಲ್ಲ ಎಂದರು. ಹಾರ್ಮೋನು ತಜ್ಞರ ಅಂತರರಾಷ್ಟ್ರೀಯ ಸಂಸ್ಥೆಯಾದ ಎಂಡೋಕ್ರೈನ್ ಸೊಸೈಟಿಯೂ ಇದನ್ನು ರೋಗವೆಂದು ಒಪ್ಪಿಲ್ಲ.

ಗ್ರಂಥಿ ನಿಜವಾಗಿ ಸೋಲುವ ಕಾಯಿಲೆ ಬೇರೆಯೇ ಇದೆ. ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ವಿವರಿಸಿದ್ದರಿಂದ ಅವರ ಹೆಸರಿನಲ್ಲೇ ಕರೆಯುತ್ತಾರೆ. ತೂಕ ಇಳಿಯುತ್ತದೆ, ರಕ್ತದೊತ್ತಡ ಬೀಳುತ್ತದೆ, ಚರ್ಮ ಅಸಹಜವಾಗಿ ಕಪ್ಪಾಗುತ್ತದೆ, ಉಪ್ಪಿನ ಆಸೆ ಹೆಚ್ಚುತ್ತದೆ. ದೇಹದ ರೋಗನಿರೋಧ ವ್ಯವಸ್ಥೆ ಗ್ರಂಥಿಯ ಮೇಲೇ ತಿರುಗಿಬೀಳುವುದು ಅದಕ್ಕೆ ಒಂದು ಕಾರಣ, ನಮ್ಮ ದೇಶದಲ್ಲಿ ಕ್ಷಯವೂ ಒಂದು. ಕಾಫಿಗೂ ಅದಕ್ಕೂ ಸಂಬಂಧವಿಲ್ಲ. ಅದು ಜೀವಕ್ಕೆ ಎರವಾಗುವ ಕಾಯಿಲೆ, ರಕ್ತಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಚಿಕಿತ್ಸೆಯೂ ಇದೆ.

ಈ ವ್ಯತ್ಯಾಸವನ್ನು ಒತ್ತಿ ಹೇಳಲು ಕಾರಣ, ‘ಅಡ್ರಿನಲ್ ಬೆಂಬಲ’ ಎಂಬ ಹೆಸರಿನ ಪೂರಕಗಳು ಆನ್‌ಲೈನ್‌ನಲ್ಲಿ ಧಾರಾಳವಾಗಿ ಬಿಕರಿಯಾಗುತ್ತಿವೆ. ಅಮೆರಿಕದಲ್ಲಿ ಇಂಥ ಕೆಲವು ಮಾತ್ರೆಗಳನ್ನು ಪ್ರಯೋಗಾಲಯಕ್ಕೆ ಒಡ್ಡಿದಾಗ ಅವುಗಳಲ್ಲಿ ಥೈರಾಯ್ಡ್ ಹಾರ್ಮೋನು, ಹಲವುಗಳಲ್ಲಿ ಸ್ಟೀರಾಯ್ಡ್ ಕೂಡ ಸಿಕ್ಕಿದೆ. ಹೊರಗಿನಿಂದ ಸ್ಟೀರಾಯ್ಡ್ ನುಂಗುತ್ತ ಹೋದರೆ ಸ್ವಂತ ಗ್ರಂಥಿ ಕೆಲಸ ನಿಲ್ಲಿಸುತ್ತದೆ. ಇಲ್ಲದ ಕಾಯಿಲೆಗೆ ತೆಗೆದುಕೊಂಡ ಮದ್ದು ಇರುವ ಕಾಯಿಲೆಯನ್ನು ತರಬಹುದು.

ಹಾಗೆಂದು ಸುಸ್ತು ಸುಳ್ಳಲ್ಲ. ‘ಎಲ್ಲ ನಿಮ್ಮ ಮನಸ್ಸಿನಲ್ಲಿ’ ಎಂದು ರೋಗಿಯನ್ನು ಹೊರಗೆ ಕಳಿಸುವ ವೈದ್ಯರೂ ಕಿರುವಿಡಿಯೊದವರಿಗೆ ಗಿರಾಕಿ ಒದಗಿಸುತ್ತಿದ್ದಾರೆ.

ರಾತ್ರಿಯ ಲೆಕ್ಕ

ಆರೋಗ್ಯವಂತ ವಯಸ್ಕರಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸರಾಸರಿ ಐದು ಗಂಟೆ ಬೇಕು. ಮಧ್ಯಾಹ್ನ ನಾಲ್ಕಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಒಂಬತ್ತಕ್ಕೂ ರಕ್ತದಲ್ಲಿರುತ್ತದೆ, ಕಾಲುಭಾಗ ಎರಡು ಗಂಟೆ ರಾತ್ರಿಗೂ. ‘ನಾನು ಕಾಫಿ ಕುಡಿದು ತಕ್ಷಣ ಮಲಗಬಲ್ಲೆ’ ಎಂದು ಹೆಮ್ಮೆಯಿಂದ ಹೇಳುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಮಲಗಬಲ್ಲರು, ಸುಳ್ಳಲ್ಲ. ದಣಿವು ಅಷ್ಟಿದ್ದರೆ ನಿದ್ದೆ ಹತ್ತಿಯೇ ಹತ್ತುತ್ತದೆ. ಆದರೆ ಕೆಫೀನ್ ಕೊರೆಯುವುದು ಗಾಢನಿದ್ರೆಯನ್ನು, ಮೈ ದುರಸ್ತಿಯಾಗುವ ಹೊತ್ತನ್ನು. ಅದು ಮಲಗಿದವರಿಗೆ ಕಾಣುವುದಿಲ್ಲ.

ಡೆಟ್ರಾಯಿಟ್‌ನ ಸಂಶೋಧಕರು 2013ರಲ್ಲಿ ಇದನ್ನೇ ಅಳೆದರು. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡರೂ ಆ ರಾತ್ರಿಯ ನಿದ್ದೆ ಒಂದು ಗಂಟೆಗೂ ಮಿಕ್ಕಿ ಕಡಿಮೆಯಾಗಿತ್ತು. ನಿದ್ದೆ ಅಳೆಯುವ ಯಂತ್ರಕ್ಕೆ ಅದು ಸ್ಪಷ್ಟವಾಗಿ ಸಿಕ್ಕಿತು, ಮಲಗಿದವರೇ ಬರೆದುಕೊಂಡ ದಿನಚರಿಯಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಇಷ್ಟು ಸಾಲದೆಂಬಂತೆ, ರಾತ್ರಿ ಮಲಗುವ ಮೂರು ಗಂಟೆ ಮೊದಲಿನ ಕೆಫೀನ್ ದೇಹದ ಒಳಗಡಿಯಾರವನ್ನೇ ಸುಮಾರು 40 ನಿಮಿಷ ಹಿಂದಕ್ಕೆ ತಳ್ಳುತ್ತದೆ ಎಂದು 2015ರ ಇನ್ನೊಂದು ಪ್ರಯೋಗ ತೋರಿಸಿತು.

ದೀರ್ಘಕಾಲದ ದಣಿವಿನ ಗಂಟು ಇಲ್ಲಿದೆ. ಒತ್ತಡ ಮೊದಲೇ ನಿದ್ದೆಯನ್ನು ತೆಳುವಾಗಿಸಿರುತ್ತದೆ. ಬೆಳಿಗ್ಗೆ ಮಂಕು, ಅದಕ್ಕೆ ಕಾಫಿ. ಮಧ್ಯಾಹ್ನ ಊಟವಾದ ಮೇಲೆ ಕಣ್ಣೆಳೆತ, ಅದಕ್ಕೆ ಕಾಫಿ. ಸಂಜೆ ಆರಕ್ಕೆ ವಿದೇಶದವರ ಜೊತೆ ಮೀಟಿಂಗು, ಅದಕ್ಕೂ ಕಾಫಿ. ರಾತ್ರಿಯ ನಿದ್ದೆ ಇನ್ನಷ್ಟು ತೆಳು. ಮರುದಿನ ಇನ್ನೂ ಒಂದು ಲೋಟ ಬೇಕು. ಗ್ರಾಹಕಗಳಿಗೆ ಸದಾ ಅಡ್ಡಿಯಾದಾಗ ಮೆದುಳು ಹೊಸ ಗ್ರಾಹಕಗಳನ್ನು ಬೆಳೆಸಿಕೊಳ್ಳುವ ಸಾಧ್ಯತೆಯೂ ಇರುವುದರಿಂದ ನಿನ್ನೆಯ ಪ್ರಮಾಣ ಇವತ್ತಿಗೆ ಸಾಲದಾಗುತ್ತದೆ.

ಎಷ್ಟು ದಿನ ಹೀಗೆ ದೂಡಬಹುದು? ಅಮೆರಿಕ ಸೇನೆಯ ವಾಲ್ಟರ್ ರೀಡ್ ಸಂಶೋಧನಾ ಸಂಸ್ಥೆಗೆ ಈ ಪ್ರಶ್ನೆಯ ಉತ್ತರ ಬೇಕಾಗಿತ್ತು, ಏಕೆಂದರೆ ಸೈನಿಕರು ನಿದ್ದೆಗೆಟ್ಟೇ ಕೆಲಸ ಮಾಡಬೇಕು. 48 ಆರೋಗ್ಯವಂತರಿಗೆ ಐದು ರಾತ್ರಿ ತಲಾ ಐದೇ ಗಂಟೆ ಹಾಸಿಗೆ ಕೊಟ್ಟರು. ಅರ್ಧ ಜನರಿಗೆ ಬೆಳಿಗ್ಗೆ ಎಂಟಕ್ಕೂ ಮಧ್ಯಾಹ್ನ ಹನ್ನೆರಡಕ್ಕೂ 200 ಮಿಲಿಗ್ರಾಂ ಕೆಫೀನ್, ಉಳಿದವರಿಗೆ ಹುಸಿಮಾತ್ರೆ. ಮೊದಮೊದಲು ಕೆಫೀನಿನವರು ಚುರುಕಾಗಿದ್ದರು. ಮೂರು ರಾತ್ರಿಗಳ ನಂತರ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಮೂರೇ ರಾತ್ರಿ. ವರ್ಷಗಟ್ಟಲೆ ಐದು ಗಂಟೆ ಮಲಗುತ್ತ ಕಾಫಿಯ ಮೇಲೆ ನಡೆಯುತ್ತಿದ್ದೇನೆ ಎಂದುಕೊಂಡವರ ಕಾಫಿ ಹೆಚ್ಚಾಗಿ ಮಾಡುತ್ತಿರುವುದು ನಿನ್ನೆಯ ಕಾಫಿ ಇಳಿದ ತಲೆನೋವನ್ನು ನಿವಾರಿಸುವ ಕೆಲಸ.

ಇನ್ನೂ ಭಯ ಹುಟ್ಟಿಸುವುದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 2003ರ ಪ್ರಯೋಗ. ಎರಡು ವಾರ ರಾತ್ರಿಗೆ ಆರು ಗಂಟೆ ಮಲಗಿದವರ ಗಮನಶಕ್ತಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು, ಆದರೆ ಅವರನ್ನು ಕೇಳಿದರೆ ಸ್ವಲ್ಪ ನಿದ್ದೆ ಬರುತ್ತಿದೆ, ಅಷ್ಟೇ ಎನ್ನುತ್ತಿದ್ದರು. ಕೆಫೀನ್ ಇಲ್ಲದೆಯೇ ಹೀಗೆ. ತನ್ನ ದಣಿವನ್ನು ತಾನೇ ಅಳೆಯಲಾರದವನಿಗೆ ದಣಿವಿನ ಸುದ್ದಿ ತಡೆಯುವ ವಸ್ತುವನ್ನೂ ಕೊಟ್ಟು ಸ್ಟೀರಿಂಗ್ ಹಿಂದೆ ಕೂರಿಸಿದರೆ? ಹೆದ್ದಾರಿಯ ಪಕ್ಕ ಬೆಳಗಿನ ಜಾವ ಮೂರಕ್ಕೆ ಚಹಾ ಅಂಗಡಿಯೆದುರು ನಿಂತ ಲಾರಿಗಳ ಸಾಲು ನೋಡಿದಾಗೆಲ್ಲ ನನಗೆ ಇದೇ ಯೋಚನೆ. ಚಾಲಕರಿಗೆ ಒಂದು ಉಪಯುಕ್ತ ಉಪಾಯವನ್ನು ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲೇ ಪರೀಕ್ಷಿಸಿ ಹೇಳಿದ್ದಾರೆ: ಗಾಡಿ ನಿಲ್ಲಿಸಿ ಕಾಫಿ ಕುಡಿದು, ಅದು ಹತ್ತುವ ಮೊದಲೇ ಹದಿನೈದು ನಿಮಿಷ ಕಣ್ಣು ಮುಚ್ಚುವುದು. ಎರಡೂ ಸೇರಿದಾಗ ಒಂದೊಂದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಇದು ಮನೆ ಮುಟ್ಟುವವರೆಗಿನ ಉಪಾಯ, ರಾತ್ರಿಯ ನಿದ್ದೆಗೆ ಬದಲಿಯಲ್ಲ.

ಪುಡಿ ಅಂಗಡಿಯಲ್ಲಿ ಸಿಗುವ ಪರಿಹಾರ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟಬೇಡಿ ಎನ್ನುತ್ತದೆ. ಯುರೋಪಿನವರು ಆರೋಗ್ಯವಂತ ವಯಸ್ಕರಿಗೆ 400ರವರೆಗೆ, ಗರ್ಭಿಣಿಯರಿಗೆ 200ರವರೆಗೆ ಬಿಡುತ್ತಾರೆ. ನಮ್ಮ ಮಾರ್ಗಸೂಚಿಯ ಲೆಕ್ಕದಲ್ಲಿ 150 ಮಿಲಿಲೀಟರ್ ಸೋಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ದಿಢೀರ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65.

ಆದರೆ ನಮ್ಮ ಫಿಲ್ಟರ್ ಕಾಫಿಯನ್ನು ಈ ಲೆಕ್ಕಕ್ಕೆ ಕೂರಿಸುವುದು ಸುಲಭವಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕರ್ನಾಟಕದಲ್ಲಿ. ಕೊಡಗಿನಲ್ಲಿ ರೊಬಸ್ಟಾದೇ ಮೇಲುಗೈ. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇದೆ. ಇನ್ನೊಂದು ಕಡೆ ಚಿಕೋರಿ: ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಮಿಶ್ರಣದಲ್ಲಿ ಕನಿಷ್ಠ ಶೇ 51 ಕಾಫಿ ಇರಬೇಕೆಂದು ಕಾನೂನು ಹೇಳುವುದರಿಂದ ಉಳಿದ 49ರವರೆಗೂ ಚಿಕೋರಿ ಇರಬಹುದು. ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ, ಕಹಿಯಾಗಿ ಇದ್ದ ಮಾತ್ರಕ್ಕೆ ಕೆಫೀನ್ ಜಾಸ್ತಿ ಎಂದು ತಿಳಿಯುವಂತಿಲ್ಲ. ಆ ಬಣ್ಣದ ಬಹುಪಾಲು ಚಿಕೋರಿಯದಾಗಿರಬಹುದು. ಲೋಟದ ಗಾತ್ರವೂ ಒಂದೊಂದು ಕಡೆ ಒಂದೊಂದು. ದರ್ಶಿನಿಯ ಬೈಟು ಕಾಫಿಯನ್ನೂ ಕೆಫೆಯ ದೊಡ್ಡ ಮಗ್ಗನ್ನೂ ‘ಒಂದು ಕಾಫಿ’ ಎಂದೇ ಎಣಿಸುತ್ತೇವೆ. ಎನರ್ಜಿ ಡ್ರಿಂಕ್‌ಗಳಿಗೆ ಲೀಟರಿಗೆ 145ರಿಂದ 300 ಮಿಲಿಗ್ರಾಂ ಎಂಬ ನಿಯಮವಿದೆ, ಡಬ್ಬಿಯ ಮೇಲೆ ಬರೆದಿರುತ್ತದೆ. ತಲೆನೋವಿನ ಕೆಲವು ಮಾತ್ರೆಗಳಲ್ಲೂ ಕೆಫೀನ್ ಇದೆ, ಅದನ್ನು ಯಾರೂ ಓದುವುದಿಲ್ಲ.

ಒಬ್ಬೊಬ್ಬರ ಯಕೃತ್ತೂ ಒಂದೊಂದು ವೇಗದ್ದು. ಕೆಫೀನನ್ನು ಕರಗಿಸುವ ಸಿವೈಪಿ1ಎ2 ಎಂಬ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಚುರುಕು. ಸಿಗರೇಟು ಅದನ್ನು ಇನ್ನಷ್ಟು ಓಡಿಸುತ್ತದೆ. ಹಾಗಾಗಿ ಸಿಗರೇಟು ಬಿಟ್ಟವರಿಗೆ ಅಷ್ಟೇ ಕಾಫಿ ಇದ್ದಕ್ಕಿದ್ದಂತೆ ಹೆಚ್ಚಾಗಿ ಮೈ ನಡುಗಿಸಬಹುದು, ಅದನ್ನು ಅವರು ಸಿಗರೇಟು ಬಿಟ್ಟ ಕಷ್ಟ ಎಂದುಕೊಳ್ಳುತ್ತಾರೆ. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಕೆಫೀನ್ ಸುಮಾರು ಎರಡರಷ್ಟು ಹೊತ್ತು ಉಳಿಯುತ್ತದೆ, ತುಂಬು ಗರ್ಭಿಣಿಯರಲ್ಲಿ ಇನ್ನೂ ಹೆಚ್ಚು. ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್ ಕೂಡ ಅದರ ದಾರಿ ಕಟ್ಟುತ್ತದೆ. ನವಜಾತ ಶಿಶುವಿನಲ್ಲಿ ಅರ್ಧಕ್ಕಿಳಿಯಲು ಮೂರು ದಿನಕ್ಕೂ ಮಿಕ್ಕಿ ಬೇಕು. ಇದೇ ಕೆಫೀನನ್ನು ಅವಧಿಗೆ ಮುನ್ನ ಹುಟ್ಟಿ ಉಸಿರಾಟ ನಿಲ್ಲಿಸಿಬಿಡುವ ಕೂಸುಗಳಿಗೆ ಮದ್ದಾಗಿ ಕೊಡುತ್ತಾರೆ, ಜೀವ ಉಳಿಸುತ್ತದೆ. ಇಂಥ ವಸ್ತುವನ್ನು ವಿಷವೆಂದು ಬಯ್ಯುವವರ ಜೊತೆ ನಾನಿಲ್ಲ.

ಬಿಡುವುದಾದರೆ ಒಮ್ಮೆಲೇ ಬಿಡಬೇಡಿ. ಕೊನೆಯ ಲೋಟವಾದ 12ರಿಂದ 24 ಗಂಟೆಯಲ್ಲಿ ತಲೆನೋವು, ಮಂಕು, ಸಿಡುಕು ಶುರುವಾಗಿ ಒಂದೆರಡು ದಿನದಲ್ಲಿ ತುದಿ ಮುಟ್ಟಿ, ಎರಡರಿಂದ ಒಂಬತ್ತು ದಿನ ಕಾಡಬಹುದು. ಕೆಫೀನ್ ಮೆದುಳಿನ ರಕ್ತನಾಳಗಳನ್ನು ಬಿಗಿಹಿಡಿದಿರುತ್ತದೆ. ಬಿಟ್ಟಾಗ ಅವು ಹಿಗ್ಗುತ್ತವೆ. ದಿನಕ್ಕೆ 100 ಮಿಲಿಗ್ರಾಂ ಕುಡಿಯುವವರಿಗೂ ಹೀಗಾಗಬಹುದು. ಕಾಫಿಯನ್ನೂ ಬಿಟ್ಟು ಏಕಾದಶಿ ಮಾಡುವವರ ತಲೆನೋವನ್ನು ಹೊಟ್ಟೆಯ ಮೇಲೆ ಹಾಕುತ್ತೇವೆ, ಅದರಲ್ಲಿ ಕಾಫಿಯ ಪಾಲು ದೊಡ್ಡದು. ಉಪವಾಸಕ್ಕೆ ಕಾಫಿ ಅಡ್ಡಿಯಿಲ್ಲ ಎಂದು ನಿಯಮ ಸಡಿಲಿಸಿದ ಅಜ್ಜಿಯಂದಿರಿಗೆ ಇದು ಗೊತ್ತಿದ್ದಂತಿದೆ. ನಿಧಾನಕ್ಕೆ ಇಳಿಸಲು ನಮ್ಮೂರಿನಲ್ಲೇ ಒಳ್ಳೆಯ ದಾರಿ ಇದೆ. ಪುಡಿ ಅಂಗಡಿಯವರು ಚಿಕೋರಿ ಎಷ್ಟು ಹಾಕಲಿ ಎಂದು ಕೇಳುತ್ತಾರಲ್ಲ, ಪ್ರತಿ ಸಲ ಸ್ವಲ್ಪ ಹೆಚ್ಚಿಸಿ ಹೇಳಿ. ಲೋಟದ ಸಂಖ್ಯೆ ಅಷ್ಟೇ ಇರುತ್ತದೆ, ಕೆಫೀನ್ ಇಳಿಯುತ್ತದೆ, ಮನೆಯವರಿಗೆ ಗೊತ್ತೂ ಆಗುವುದಿಲ್ಲ.

ಎದ್ದ ಒಂದೂವರೆ ಗಂಟೆ ಕಾಫಿ ಮುಟ್ಟಬಾರದು ಎಂಬ ಹೊಸ ಪಥ್ಯವೊಂದು ಹರಿದಾಡುತ್ತಿದೆ. ಅದಕ್ಕೆ ಗಟ್ಟಿ ಆಧಾರ ನನಗೆ ಸಿಕ್ಕಿಲ್ಲ. ಬೆಳಗಿನ ಕಾಫಿಯನ್ನು ಯಾರೂ ಬಿಡಬೇಕಿಲ್ಲ. ಸದಾ ದಣಿದವರು ಕೈಬಿಡಬೇಕಾದದ್ದು ಮಧ್ಯಾಹ್ನ ಊಟದ ನಂತರದ್ದೆಲ್ಲವನ್ನು, ಅದರಲ್ಲೂ ನಾಲ್ಕು ಗಂಟೆಯದನ್ನು. ಎರಡು ಮೂರು ವಾರ ಹೀಗೆ ಮಾಡಿದರೆ ದಣಿವಿನಲ್ಲಿ ಕಾಫಿಯ ಪಾಲೆಷ್ಟು ಎಂಬುದು ತಾನಾಗಿ ತಿಳಿಯುತ್ತದೆ. ಉಳಿದದ್ದು ಕೆಲಸದ್ದೋ ಮನೆಯದ್ದೋ ಇರಬಹುದು. ಕೆಲಸದ ಒತ್ತಡದಿಂದ ಬರುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಪಟ್ಟಿಗೆ ಸೇರಿಸುವಾಗ ಅದನ್ನು ರೋಗ ಎನ್ನಲಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿತು. ಮಹಡಿಗೊಂದು ಕಾಫಿ ಯಂತ್ರ ಇಟ್ಟು ರಾತ್ರಿ ಹತ್ತಕ್ಕೆ ಮೀಟಿಂಗ್ ಕರೆಯುವ ಕಚೇರಿಗಳು ಇದನ್ನು ಓದಬೇಕು.

ಇನ್ನೂ ಒಂದು ಪಾಲು ಇದೆ, ಅದು ಕಾಫಿಯ ಹಿಂದೆ ಅಡಗಿ ಕೂತಿರುವ ಕಾಯಿಲೆಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಸುಮಾರು ಶೇ 48. ಅವರ ದಣಿವಿಗೆ ಒತ್ತಡವೆಂದು ಹೆಸರಿಟ್ಟು ಕಾಫಿ ಕೊಡುತ್ತೇವೆ, ಅದೂ ತಿಂಡಿಯ ಜೊತೆಗೆ. ಕಾಫಿ, ಚಹಾದಲ್ಲಿರುವ ಪಾಲಿಫಿನಾಲ್‌ಗಳು ಸೊಪ್ಪು, ಕಾಳು, ರಾಗಿಯ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. 1983ರ ಒಂದು ಅಧ್ಯಯನದಲ್ಲಿ ಊಟದ ಜೊತೆ ಕುಡಿದ ಕಾಫಿ ಕಬ್ಬಿಣದ ಹೀರಿಕೆಯನ್ನು ಶೇ 39ರಷ್ಟು, ಚಹಾ ಶೇ 64ರಷ್ಟು ಕಡಿಮೆ ಮಾಡಿತ್ತು. ಕಾಫಿಯನ್ನು ಊಟದ ಒಂದು ಗಂಟೆ ಮೊದಲೇ ಕುಡಿದಾಗ ಈ ನಷ್ಟ ಆಗಲಿಲ್ಲ. ಥೈರಾಯ್ಡ್ ಮಾತ್ರೆಯದೂ ಇದೇ ಕಥೆ. ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಮರುಕ್ಷಣವೇ ಕಾಫಿ ಕುಡಿಯುವವರಿಗೆ ಮಾತ್ರೆಯ ಒಂದು ಪಾಲು ದಕ್ಕುವುದಿಲ್ಲ. ಅರ್ಧದಿಂದ ಒಂದು ಗಂಟೆ ತಡೆಯಬೇಕು.

ತಿಂಗಳಿಂದ ಬಿಡದ ಸುಸ್ತಿದ್ದರೆ ವೈದ್ಯರನ್ನು ಕಾಣಿ. ಹಿಮೋಗ್ಲೋಬಿನ್ ಮತ್ತು ಸಕ್ಕರೆಯ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ. ಥೈರಾಯ್ಡ್, ಬಿ12 ಬೇಕೇ ಎಂದು ಕೇಳಿ. ಜೋರಾಗಿ ಗೊರಕೆ ಹೊಡೆಯುತ್ತೀರೆಂದು ಮನೆಯವರು ಹೇಳುತ್ತಿದ್ದರೆ ಅದನ್ನೂ ತಿಳಿಸಿ. ದಿನಕ್ಕೆ ಎಷ್ಟು ಕಾಫಿ, ಕೊನೆಯದು ಎಷ್ಟು ಗಂಟೆಗೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರು ಕೇಳದಿದ್ದರೂ ನೀವಾಗಿಯೇ ಹೇಳಿ.